ಹುಳು ತಿಂದ ಎಲೆಯ ಲೇಬಲ್ಲು

ಕೊರೊನಾ ಕಾಲ ಮುಗಿದು, ಮಾವಿನ ವ್ಯಾಪಾರ ಮತ್ತೆ ಕುದುರಿಕೊಂಡ ವರ್ಷ ಅದು. ಶ್ರೀನಿವಾಸಪುರದ ಹೊರವಲಯದಲ್ಲಿರುವ ಮಾವಿನ ತಿರುಳಿನ ಕಾರ್ಖಾನೆಯೊಂದರಲ್ಲಿ ನಾನು ಪ್ಯಾಕೇಜಿಂಗ್ ವಿಭಾಗದ ಮುಖ್ಯಸ್ಥನಾಗಿದ್ದೆ. ದಿನವೂ ಮುಳಬಾಗಿಲಿನ ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಿವೃತ್ತಿ ಹತ್ತಿರವಾಗಿತ್ತು.

ಡಬ್ಬಿಯ ಮೇಲೆ ಅಂಟುವ ಲೇಬಲ್ಲಿನ ಜವಾಬ್ದಾರಿ ನನ್ನದು. ಚಿತ್ರ, ಬಣ್ಣ, ಅಕ್ಷರ, ಬಾರ್‌ಕೋಡ್ ಎಲ್ಲ ಸೇರಿದ ಕಂಪ್ಯೂಟರ್ ಫೈಲನ್ನು ನಮ್ಮ ಉದ್ಯಮದಲ್ಲಿ ಆರ್ಟ್‌ವರ್ಕ್ ಎನ್ನುತ್ತಾರೆ. ಕಾರ್ಖಾನೆಗೆ ಯಂತ್ರಗಳು ಹೇಗೆ ಆಸ್ತಿಯೋ ಈ ಫೈಲೂ ಹಾಗೆಯೇ. ಯಂತ್ರವನ್ನು ಕದಿಯಲು ಲಾರಿ ಬೇಕು, ಫೈಲಿಗೆ ಅದೂ ಬೇಡ. ವ್ಯತ್ಯಾಸ ಇಷ್ಟೇ.

ಕಾರ್ಖಾನೆ ಶುರುವಾದಾಗಿನಿಂದ ಇದ್ದದ್ದು ನಾನು ರೂಪಿಸಿದ ಲೇಬಲ್. ಹಳದಿ ಹಿನ್ನೆಲೆ, ನಡುವೆ ಒಂದು ಹಣ್ಣು, ಕೆಳಗೆ ಕೆಂಪು ಅಕ್ಷರ. ಅದನ್ನು ಯಾರೂ ಹೊಗಳಿರಲಿಲ್ಲ ನಿಜ, ತೆಗಳಿಯೂ ಇರಲಿಲ್ಲ. ಆ ವರ್ಷ ಗಲ್ಫ್ ದೇಶದ ದೊಡ್ಡ ಖರೀದಿದಾರರೊಬ್ಬರು ಸಿಕ್ಕಾಗ ಯಜಮಾನರಾದ ಚೌಡರೆಡ್ಡಿಯವರಿಗೆ ಹೊಸ ಲೇಬಲ್ ಬೇಕೆನಿಸಿತು. ಅದಕ್ಕಾಗಿ ಭವ್ಯ ಎಂಬ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡರು. ಹೋಳೂರಿನವಳು. ಮನೆಯವರು ಹಿಪ್ಪುನೇರಳೆ ಬೆಳೆಯುವವರು. ಕೋಲಾರದಲ್ಲಿ ಡಿಸೈನ್ ಕಲಿತು ಬಂದಿದ್ದಳು.

ಅವಳು ತೋತಾಪುರಿ ಹಣ್ಣನ್ನೇ ಬರೆದಳು. ಗಿಣಿಯ ಕೊಕ್ಕಿನಂಥ ಮೂತಿ, ಹೆಗಲ ಮೇಲೆ ನಸುಗೆಂಪು, ತೊಟ್ಟಿನ ಪಕ್ಕದಲ್ಲಿ ಒಂದೇ ಒಂದು ಎಲೆ. ನೋಡಿದರೆ ಕೈಯಲ್ಲಿ ಹಿಡಿದು ಮೂಸಬೇಕು ಎನಿಸುತ್ತಿತ್ತು. ರೆಡ್ಡಿಯವರು ನನ್ನ ಹಳೆಯ ಡಬ್ಬಿಯನ್ನು ಅದರ ಪಕ್ಕದಲ್ಲಿಟ್ಟು ನಕ್ಕರು.

"ಏಮಯ್ಯಾ ಶ್ರೀಧರ್, ಇಷ್ಟು ವರ್ಷ ನಾವು ಹಲಸಿನಕಾಯಿ ಬೊಮ್ಮೆ ಹಾಕ್ಕೊಂಡು ಮಾವಿನ ರಸ ಮಾರಿದ್ದೀವಲ್ಲಯ್ಯಾ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಊಟಕ್ಕೆ ಕೂತಾಗ, ಆ ಹುಡುಗಿಯ ಲೇಬಲ್ಲಿನಲ್ಲಿ ಕೆಂಪು ಜಾಸ್ತಿಯಾಗಿದೆ, ಅಕ್ಷರ ಸಣ್ಣದಾಗಿದೆ, ನೆರಳು ಎಡಕ್ಕೆ ಬೀಳಬೇಕಿತ್ತು ಎಂದು ಹೇಳುತ್ತಲೇ ಇದ್ದೆ. ನನ್ನ ಹೆಂಡತಿ ಸಾರು ಬಡಿಸುತ್ತಾ, "ನೆರಳಲ್ಲ ಕಣ್ರೀ, ಹೊಟ್ಟೆಕಿಚ್ಚು," ಎಂದಳು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಆಮೇಲಿನ ದಿನಗಳಲ್ಲಿ ಅವಳ ಮೇಜಿನ ಸುತ್ತ ಯಾರಾದರೂ ನಿಂತಿದ್ದರೆ ನನ್ನ ಕಿವಿ ಆ ಕಡೆಗೇ ಹೋಗುತ್ತಿತ್ತು. ರೆಡ್ಡಿಯವರು ಅವಳನ್ನು "ಏನಮ್ಮಾ" ಎಂದು ಕರೆದರೆ ನನ್ನನ್ನು ತೆಲುಗಿನಲ್ಲಿ "ಏಮಯ್ಯಾ" ಎನ್ನುವುದು ಚುಚ್ಚುತ್ತಿತ್ತು. ಅವರು ನನ್ನನ್ನು ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದರು. ಆದರೆ ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಇರುವುದಿಲ್ಲ.

ನನ್ನ ಪಾಲಿಗೆ ಉಳಿದದ್ದು ಆ ಫೈಲನ್ನು ಹೊರಗಿನವರಿಗೆ ತಲುಪಿಸುವ ಕೆಲಸ. ತಲುಪಿಸಬೇಕಾದವರು ಮೂವರು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿದ್ದ ಲೇಬಲ್ ಮುದ್ರಕರು, ಗಲ್ಫ್ ಖರೀದಿದಾರರ ಏಜೆಂಟರು ಮತ್ತು ಜಾಹೀರಾತು ಮಾಡಲಿದ್ದ ಬೆಂಗಳೂರಿನ ಒಂದು ಸ್ಟುಡಿಯೋ. ಮೊದಲೆಲ್ಲ ಇಂಥ ಫೈಲುಗಳು ವಾಟ್ಸಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಹೋಗುತ್ತಿದ್ದವು. ಎಷ್ಟು ಕೈ ದಾಟಿತು ಎಂದು ಕೇಳುವವರಿರಲಿಲ್ಲ. ಈ ಸಲ ನಾನು ಫೈಲ್ ಹಂಚಿಕೆಗೆಂದೇ ಇರುವ ಒಂದು ಪೋರ್ಟಲ್ ತರಿಸಿದೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್. ಕೆಲಸ ಮುಗಿದ ಮೇಲೆ ಲಿಂಕ್ ತಾನಾಗಿಯೇ ಸಾಯಬೇಕು. ಮುದ್ರಕರಿಗೆ ಮಾತ್ರ ಪೂರ್ತಿ ಗುಣಮಟ್ಟದ ಫೈಲು. ಸ್ಟುಡಿಯೋದವರು ಆಗಿನ್ನೂ ಜಾಹೀರಾತಿನ ಯೋಜನೆ ಹಾಕುತ್ತಿದ್ದರು. ಹಾಗಾಗಿ ಅವರು ನೋಡಬಹುದು, ಇಳಿಸಿಕೊಳ್ಳುವಂತಿಲ್ಲ.

ಭವ್ಯಳಿಗೆ ಇದು ಹಿಡಿಸಲಿಲ್ಲ. "ಒಂದು ಹಣ್ಣು ನೋಡೋಕೆ ಇಷ್ಟೊಂದು ಬೀಗನಾ ಸಾರ್? ಮೇಲ್ ಮಾಡಿದ್ರೆ ಆಗಲ್ವಾ?"

"ನಿನ್ನ ಹಣ್ಣಮ್ಮಾ. ನಾಳೆ ಯಾರಾದ್ರೂ ಕಿತ್ಕೊಂಡು ಹೋದ್ರೆ?" ಎಂದೆ. ಮಾತಿನಲ್ಲಿ ಕಾಳಜಿ ಇತ್ತು. ದನಿಯಲ್ಲಿ ಇತ್ತೋ ಇಲ್ಲವೋ ಹೇಳಲಾರೆ.

ಇನ್ನೊಂದು ಉಪಾಯವನ್ನೂ ಮಾಡಿದೆ. ಮೂವರಿಗೂ ಕಳಿಸಿದ ಪ್ರತಿಗಳಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ವ್ಯತ್ಯಾಸ. ಮುದ್ರಕರ ಪ್ರತಿಯಲ್ಲಿ ಎಲೆಯ ತುದಿ ಚೂರು ಮುರಿದಂತೆ. ಏಜೆಂಟರ ಪ್ರತಿಯಲ್ಲಿ ಒಂದು ನರ ನಡುವೆ ಕಡಿದಂತೆ. ಸ್ಟುಡಿಯೋದ ಪ್ರತಿಯಲ್ಲಿ ಹುಳು ತಿಂದಂಥ ಒಂದು ಸಣ್ಣ ತೂತು. ಕಾರ್ಖಾನೆಯಲ್ಲಿದ್ದ ಭವ್ಯಳ ಮೂಲ ಚಿತ್ರದಲ್ಲಿ ಎಲೆ ಪೂರ್ತಿ ಇತ್ತು. ಯಾವುದಾದರೂ ಪ್ರತಿ ಹೊರಗೆ ಸೋರಿದರೆ ಯಾರ ಕೈಯಿಂದ ಎಂದು ಎಲೆಯೇ ಹೇಳಬೇಕು. ರೆಡ್ಡಿಯವರಿಗೆ ತಿಳಿಸಿ ಒಪ್ಪಿಗೆ ಪಡೆದೆ. "ಸರಿ, ಆದ್ರೆ ಯಾರಿಗೂ ಹೇಳ್ಬೇಡ," ಎಂದರು. ಅವಳು ಬಿಡಿಸಿದ ಅಷ್ಟು ಚೆಂದದ ಎಲೆಗೆ ಹುಳು ಹತ್ತಿಸಿದಾಗ ನನಗಾದ ಸಂತೋಷ ಬರೀ ಕೆಲಸದ್ದಾಗಿರಲಿಲ್ಲ.

ಮಾಲೂರಿನಲ್ಲಿ ಮುದ್ರಣ ಇನ್ನೂ ಶುರುವಾಗಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಮಾರಾಟ ಪ್ರತಿನಿಧಿ ಮುನಿರಾಜು ಒಂದು ಡಬ್ಬಿ ಹಿಡಿದು ಓಡಿ ಬಂದ. ಆಂಧ್ರಕ್ಕೆ ಹೋಗುವ ಹೆದ್ದಾರಿಯ ಅಂಗಡಿಯವನೊಬ್ಬ, "ನಿಮ್ಮ ಹೊಸ ಡಬ್ಬ ಸ್ಕ್ಯಾನೇ ಆಗ್ತಿಲ್ಲ," ಎಂದು ಅವನ ಜೊತೆ ಜಗಳ ತೆಗೆದಿದ್ದನಂತೆ. ನಾವು ಹೊಸ ಡಬ್ಬಿಯನ್ನು ಬಿಟ್ಟೇ ಇರಲಿಲ್ಲ! ಆದರೂ ಅದರ ಮೇಲೆ ಭವ್ಯಳ ತೋತಾಪುರಿ ಕೊಕ್ಕು ಚಾಚಿಕೊಂಡು ಕೂತಿತ್ತು.

ರೆಡ್ಡಿಯವರು ಡಬ್ಬಿ ಒಡೆಸಿದರು. ಒಳಗೆ ಪರಂಗಿ ಹಣ್ಣಿನ ವಾಸನೆ, ಕಣ್ಣು ಕುಕ್ಕುವ ಬಣ್ಣ. ಅದನ್ನು ಕುಡಿದು ಯಾರಿಗಾದರೂ ಹೆಚ್ಚುಕಡಿಮೆಯಾದರೆ ಪೊಲೀಸರು ಹುಡುಕಿಕೊಂಡು ಬರುವುದು ಡಬ್ಬಿಯ ಮೇಲಿರುವ ನಮ್ಮ ಹೆಸರನ್ನು. ಗಲ್ಫಿನವರಿಗೆ ಗೊತ್ತಾದರೆ ಒಪ್ಪಂದ ಮುರಿಯುತ್ತದೆ. ಹಂಗಾಮಿಗೆಂದು ತೋಟಗಳ ಹಣ್ಣಿಗೆ ಆಗಲೇ ಮಾತು ಕೊಟ್ಟಾಗಿತ್ತು.

ರೆಡ್ಡಿಯವರು ಎಲ್ಲರನ್ನೂ ತಮ್ಮ ಕೋಣೆಗೆ ಕರೆಸಿದರು. ಭವ್ಯಳ ಚಿಕ್ಕಪ್ಪನ ಮಗ ಕೋಲಾರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ ಎಂದು ಯಾರೋ ಹೇಳಿದರು. ಅವಳ ಮೊಬೈಲಿನಲ್ಲಿ ಲೇಬಲ್ಲಿನ ಫೋಟೋ ನೋಡಿದ್ದೇನೆ ಎಂದರು ಇನ್ನೊಬ್ಬರು. ರೆಡ್ಡಿಯವರಿಗೆ ಅಷ್ಟು ಸಾಕಾಯಿತು.

"ನಿಜ ಹೇಳಮ್ಮಾ. ಯಾರಿಗೆ ಕೊಟ್ಟೆ?"

"ಯಾರಿಗೂ ಕೊಟ್ಟಿಲ್ಲ ಸಾರ್. ನನ್ನ ಕೆಲಸನ ನಾನೇ ಯಾಕ್ ಸಾರ್ ಹಾಳ್ ಮಾಡ್ಕೊಳ್ಳಲಿ?" ಅವಳ ಮುಖ ಬಿಳಿಚಿಕೊಂಡಿತ್ತು.

"ಶ್ರೀಧರ್, ಇವಳ ಲೆಕ್ಕ ಇವತ್ತೇ ಚುಕ್ತಾ ಮಾಡಿಬಿಡು," ಎಂದರು ರೆಡ್ಡಿಯವರು. ಆ ಸಿಟ್ಟಿನಲ್ಲಿ ಅವರಿಗೆ ಎಲೆಯ ಗುರುತು ಮರೆತೇ ಹೋಗಿತ್ತು.

ಡಬ್ಬಿ ಆಗ ನನ್ನ ಕೈಯಲ್ಲಿತ್ತು. ಮಸುಕಾದ ಅಚ್ಚು, ಕಪ್ಪಿಟ್ಟ ಹಸಿರು. ಆದರೂ ಎಲೆಯಲ್ಲಿ ಹುಳು ತಿಂದ ತೂತು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕೋಣೆಯಲ್ಲಿ ಅದರ ಅರ್ಥ ನೆನಪಿದ್ದದ್ದು ನನಗೊಬ್ಬನಿಗೆ. ನಾನು ಏನೂ ಮಾಡಬೇಕಿರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಸುಮ್ಮನಿದ್ದರೆ ಸಾಕಿತ್ತು. ನಾಳೆಯಿಂದ ಅವಳ ಕುರ್ಚಿ ಖಾಲಿ. ಬಹುಶಃ ನನ್ನ ಹಳದಿ ಲೇಬಲ್ಲೇ ಮತ್ತೆ ಬರುತ್ತಿತ್ತು. ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ನನಗೇ ಹೆದರಿಕೆಯಾಯಿತು.

"ಇದು ಅವಳ ಫೈಲಲ್ಲ ಸಾರ್," ಎಂದೆ. "ಎಲೆ ನೋಡಿ. ಹುಳು ತಿಂದಿದೆ. ಇದು ಸ್ಟುಡಿಯೋದವರ ಪ್ರತಿ."

ರೆಡ್ಡಿಯವರು ಕನ್ನಡಕ ಏರಿಸಿ ನೋಡಿದರು. ಆಮೇಲೆ ನಿಧಾನವಾಗಿ ಕುರ್ಚಿಗೆ ಒರಗಿದರು. ಭವ್ಯ ನನಗೆ ಕೈಮುಗಿಯಬಹುದು, ಅತ್ತುಬಿಡಬಹುದು ಎಂದು ನಾನು ಕಾದಿದ್ದೆ. ಅವಳು ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ನನ್ನ ಎಲೆಗೆ ತೂತು ಹಾಕಿದ್ದು ನೀವಾ? ನನ್ನ ಒಂದು ಮಾತು ಕೇಳೋದು ಬೇಡ್ವಾ ಸಾರ್?"

ಕೆಲಸ ಉಳಿಸಿದವನ ಮೇಲೆ ಕೂಗಾಡುವಷ್ಟು ಅವಳಿಗೆ ಆ ಎಲೆಯ ಮೇಲೆ ಪ್ರೀತಿಯಿತ್ತು. ನಾನು ರೂಪಿಸಿದ ಯಾವುದರ ಮೇಲೂ ನನಗೆ ಅಷ್ಟು ಪ್ರೀತಿ ಇರಲಿಲ್ಲವೆಂದು ಆಗ ಹೊಳೆಯಿತು. ಹೊಟ್ಟೆಕಿಚ್ಚು ಇನ್ನೂ ಒಂದು ಗೇಣು ಬೆಳೆಯಿತು.

ಮೊದಲು ಸ್ಟುಡಿಯೋದ ಲಾಗಿನ್ ಮುಚ್ಚಿದೆ. ಮಧ್ಯಾಹ್ನವೇ ನಾನೂ ರೆಡ್ಡಿಯವರೂ ಬೆಂಗಳೂರಿಗೆ ಹೊರಟೆವು. ಸ್ಟುಡಿಯೋದ ಮಾಲೀಕರು, ಇಳಿಸಿಕೊಳ್ಳಲಾಗದ ಫೈಲು ಸೋರುವುದಾದರೂ ಹೇಗೆ ಎಂದು ವಾದಿಸಿದರು. ಪೋರ್ಟಲ್ ತೆಗೆದು ತೋರಿಸಿದೆ. ಅವರಿಗೆ ಕೊಟ್ಟ ಒಂದೇ ಲಾಗಿನ್ನಿನಿಂದ ಫೈಲು ಎರಡು ಬೇರೆ ಬೇರೆ ಊರುಗಳಲ್ಲಿ ತೆರೆದಿತ್ತು. ಆಗ ಅವರ ದನಿ ತಗ್ಗಿತು. ಪೋಸ್ಟರ್ ಕೆಲಸವನ್ನು ಹೊರಗಿನ ಒಬ್ಬನಿಗೆ ಒಪ್ಪಿಸಿ, ತಮ್ಮ ಪಾಸ್‌ವರ್ಡನ್ನೇ ಅವನಿಗೆ ಕೊಟ್ಟಿದ್ದರು. ಅವನು ಕಂಪ್ಯೂಟರ್ ಪರದೆಯ ಚಿತ್ರ ತೆಗೆದು, ಅಂದರೆ ಸ್ಕ್ರೀನ್‌ಶಾಟ್ ಹೊಡೆದು, ಆಂಧ್ರ ಗಡಿಯಾಚೆಯ ಒಬ್ಬ ಮುದ್ರಕನಿಗೆ ಮಾರಿದ್ದ. ಅಚ್ಚು ಮಸುಕಾಗಿದ್ದಕ್ಕೂ ಬಾರ್‌ಕೋಡ್ ಓದದೇ ಹೋದದ್ದಕ್ಕೂ ಅದೇ ಕಾರಣ.

ನಾವು ಪೊಲೀಸರಿಗೂ ಆಹಾರ ಇಲಾಖೆಗೂ ದೂರು ಕೊಟ್ಟೆವು. ನಕಲಿ ಮಾಲಿನ ಗೋದಾಮು ಸಿಕ್ಕಿತು. ಗಲ್ಫಿನ ಏಜೆಂಟರಿಗೆ ನಾವೇ ಮೊದಲು ಫೋನ್ ಮಾಡಿ, ಮುಚ್ಚಿಡದೆ ಎಲ್ಲವನ್ನೂ ಹೇಳಿದೆವು. ಬೇರೆಯವರ ಬಾಯಿಂದ ಕೇಳಿದ್ದರೆ ಒಪ್ಪಂದ ಉಳಿಯುತ್ತಿರಲಿಲ್ಲ ಎಂದು ಅವರೇ ಆಮೇಲೆ ಹೇಳಿದರು. ಹಂಗಾಮು ತಡವಾಗಿಯಾದರೂ ನಡೆಯಿತು. ರೆಡ್ಡಿಯವರು ಎಲ್ಲರ ಎದುರಿಗೇ, "ತಪ್ಪಾಯ್ತಮ್ಮಾ," ಎಂದು ಭವ್ಯಳಿಗೆ ಹೇಳಿದರು. ನನಗೆ ಅವರು ಏನೂ ಹೇಳಲಿಲ್ಲ. ಕೆಲಸ ಸರಿಯಾಗಿ ಮಾಡಿದವನಿಗೆ ಹೇಳುವುದಾದರೂ ಏನು?

ಒಂದು ಕುತೂಹಲ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಒಂದು ದಿನ ಮುನಿರಾಜು ಒಬ್ಬನೇ ಸಿಕ್ಕಾಗ ಕೇಳಿದೆ.

"ಅಲ್ಲಪ್ಪಾ, ಇಷ್ಟು ವರ್ಷ ಮಾರ್ಕೆಟ್ಟಲ್ಲಿ ಓಡಾಡಿದ್ದೀಯ. ನನ್ನ ಹಳೇ ಲೇಬಲ್ನ ಯಾರಾದ್ರೂ ನಕಲು ಮಾಡಿದ್ದು ನೋಡಿದ್ದೀಯಾ?"

ಅವನು ಮುಗ್ಧವಾಗಿ ನಕ್ಕ. "ಅದನ್ನ್ಯಾರು ಸಾರ್ ಕದೀತಾರೆ?"

ಕಳ್ಳರು ಕೂಡ ಅವಳದ್ದನ್ನೇ ಆರಿಸಿಕೊಂಡಿದ್ದರು.

ಹೊರಗಿನವರೊಂದಿಗೆ ಫೈಲು ಹಂಚಿಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಯಾರಿಗೆ ಎಷ್ಟು ಬೇಕೋ ಅಷ್ಟೇ ಕೊಡಿ. ಒಂದು ಬೀಗದಕೈ ಒಬ್ಬ ಮನುಷ್ಯನ ಹೆಸರಿಗಿರಲಿ, ಒಂದು ಸಂಸ್ಥೆಯ ಹೆಸರಿಗಲ್ಲ. ನಿಮ್ಮ ಪಾಲುದಾರರ ಹಿಂದೆ ಅವರ ಪಾಲುದಾರರೂ ಇರುತ್ತಾರೆ, ಅವರು ಯಾರೆಂದು ಮೊದಲೇ ಕೇಳಿ. ಗುರುತು ಹಾಕುವುದನ್ನು ಕಳ್ಳನನ್ನು ಹಿಡಿಯುವ ಉಪಾಯವೆಂದೇ ನಾನು ತಿಳಿದಿದ್ದೆ. ಅದಕ್ಕಿಂತ ದೊಡ್ಡ ಉಪಯೋಗ ಆ ದಿನ ಗೊತ್ತಾಯಿತು. ತಪ್ಪು ಮಾಡದವರ ಕಡೆಗೆ ಹತ್ತು ಜನ ಬೆರಳು ತೋರಿಸುವಾಗ, ಅವರನ್ನು ಕಂಡರಾಗದವನ ಬಾಯಿಂದಲೂ ಅದು ನಿಜ ಹೇಳಿಸುತ್ತದೆ.

ನಿವೃತ್ತಿಯ ದಿನ ರೆಡ್ಡಿಯವರು ಆ ಪೋರ್ಟಲಿನ ಉಸ್ತುವಾರಿಯನ್ನು ಯಾರಿಗೆ ಕೊಡಲಿ ಎಂದು ಕೇಳಿದರು. ಬೇರೆ ಎರಡು ಹೆಸರುಗಳು ನಾಲಿಗೆಯ ತುದಿಯಲ್ಲಿದ್ದವು. ನಾನು ಭವ್ಯಳ ಹೆಸರು ಹೇಳಿ, ಮುಳಬಾಗಿಲಿನ ಬಸ್ ಹತ್ತಿದೆ.