ಮಡಿವಾಳ ಹಕ್ಕಿಗೆ ಬಿಟ್ಟುಕೊಟ್ಟ ಬೆಳಗು

ರಾತ್ರಿಯಿಡೀ ಬೀಸಿದ ಗಾಳಿ ಬೆಳಗಿನ ಜಾವಕ್ಕೆ ಸುಸ್ತಾಗಿ ಮಲಗಿದೆ. ಶಾಲೆಯ ಅಂಗಳದ ಮೇಲೆ ಹಾಲಿನ ಕೆನೆಯಂಥ ಮಂಜು. ಚಾರ್ಜರ್ ಅಕ್ಕ ಪ್ರಯೋಗಾಲಯದ ಬೀಗ ತೆಗೆದು, ದೀಪವನ್ನೂ ಹಾಕದೆ, ನೇರ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಎದುರಿನ ಕಾಂಪೌಂಡ್ ಗೋಡೆಯ ತೂತಿನಲ್ಲಿ ಮಡಿವಾಳ ಹಕ್ಕಿಯ ಗೂಡು. ಮಿಕ್ಕ ಮರಿಗಳು ನಿನ್ನೆಯೇ ಹಾರಿವೆ, ಒಂದು ಉಳಿದಿದೆ. ಕಪ್ಪು ಬಿಳುಪಿನ ಅಪ್ಪ ಹುಳ ಕಚ್ಚಿಕೊಂಡು ಬರುತ್ತಾನೆ. "ಬಂದ್ಯಾ ಯಜಮಾನ?" ಎಂದು ಪಿಸುಗುಟ್ಟಿ ಅಕ್ಕ ಟ್ಯಾಬ್‌ಗಳ ಕಡೆ ತಿರುಗುತ್ತಾರೆ.

ಚಾರ್ಜರ್ ಅಕ್ಕ ಅನ್ನುವುದು ಮಕ್ಕಳಿಟ್ಟ ಹೆಸರು. ಪ್ರಯೋಗಾಲಯದ ಸಹಾಯಕಿ ಇವರು. ನಲವತ್ತು ಟ್ಯಾಬ್‌ಗಳ ಹೊಟ್ಟೆ ತುಂಬಿಸುವುದು, ಬೆರಳಿನ ಜಿಡ್ಡು ಒರೆಸುವುದು, ಹಕ್ಕಿಗಳ ಹಾಡು ಕೇಳಿಸುವ ಪಾಠ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ಒಂದೊಂದನ್ನೂ ಒತ್ತಿ ನೋಡುವುದು ಇವರ ನಿತ್ಯಪೂಜೆ. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. "ಲೋಕದ ಮಕ್ಕಳ ಟ್ಯಾಬ್‌ಗೆಲ್ಲ ಉಣಿಸ್ತಾಳೆ, ಅವಳ ಫೋನ್ ಮಾತ್ರ ಯಾವಾಗ್ಲೂ ಸತ್ತು ಬಿದ್ದಿರುತ್ತೆ" ಎಂದು ಅತ್ತೆ ಛೇಡಿಸುತ್ತಾರೆ.

ಈ ಗೂಡಿಗೆ ಕುತ್ತು ಬಂದದ್ದು ಅಕ್ಕನ ಒಳ್ಳೆಯತನದಿಂದಲೇ. ಹಿಂದಿನ ಬೆಂಚಿನವರಿಗೆ ಪಾಠ ಮಾಡುವವರ ಟ್ಯಾಬಿನ ದನಿ ಕೇಳಿಸದೆಂದು ಸಭಾಂಗಣದ ಸ್ಪೀಕರ್ ತಂದು ಕಿಟಕಿಯಲ್ಲಿಟ್ಟರು. ಮಡಿವಾಳದ ಹಾಡು ಮೊಳಗಿದ್ದೇ ತಡ, ನಿಜವಾದ ಹಕ್ಕಿ ಹಾರಿಬಂದು ಎದೆಯುಬ್ಬಿಸಿ ಹಾಡಿತು, ಸ್ಪೀಕರನ್ನು ಕುಕ್ಕಿತು. ಮಕ್ಕಳು ಚಪ್ಪಾಳೆ ತಟ್ಟಿದರು. ದಿನವೂ ಅದೇ ಸಂಭ್ರಮ. ಆದರೆ ಅಕ್ಕನ ಕಣ್ಣು ಗೂಡಿನ ಮೇಲಿತ್ತು. ಯಜಮಾನ ಬಾಯಲ್ಲಿದ್ದ ಹುಳವನ್ನೂ ಬೀಳಿಸಿ ಜಗಳಕ್ಕೆ ಬರುತ್ತಿದ್ದ. ಮರಿಗಳು ತೆರೆದ ಬಾಯಿ ತೆರೆದೇ ಇದ್ದವು.

ವಿಜ್ಞಾನದ ಮೇಡಂ ಹತ್ತಿರ ಹೇಳಿದಾಗ ಅವರ ಮುಖ ಸಣ್ಣದಾಯಿತು. "ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ತು ಅಂದ್ಕೊಂಡಿದೆ ಅಕ್ಕ. ನಂಗೆ ಗೊತ್ತಿದ್ದ ವಿಷಯ, ಚಪ್ಪಾಳೆ ಸದ್ದಲ್ಲಿ ಮರೆತೇಬಿಟ್ಟೆ."

ಅಕ್ಕ ಅಲ್ಲಿಂದ ಬಂದವರೇ ಸ್ಪೀಕರಿನ ವೈರು ಕಿತ್ತು ಕೈಚೀಲಕ್ಕೆ ಹಾಕಿಕೊಂಡರು. ಮರುದಿನ ಅತಿಥಿಗಳು ಬರುವವರಿದ್ದರು. ಕರೆದರೆ ಬರುವ ಹಕ್ಕಿಯನ್ನು ತೋರಿಸಬೇಕೆಂದು ಮುಖ್ಯೋಪಾಧ್ಯಾಯರ ಆಸೆ.

"ಒಂದೇ ನಿಮಿಷ ಹಾಕಮ್ಮಾ. ಅಷ್ಟಕ್ಕೆ ಹಕ್ಕಿ ಜೀವ ಹೋಗುತ್ತಾ?"

"ಸಾರ್, ನೀವು ಮಕ್ಕಳಿಗೆ ತುತ್ತು ಕೊಡೋ ಹೊತ್ತಲ್ಲಿ ಯಾರೋ ಬಾಗಿಲಿಗೆ ಬಂದು 'ಈ ಮನೆ ನಂದು' ಅಂತ ಕೂಗಿದ್ರೆ ತುತ್ತು ಕೊಡ್ತೀರಾ, ದೊಣ್ಣೆ ಹುಡುಕ್ತೀರಾ?"

"ಕೆಲಸಕ್ಕೇ ಕಲ್ಲು ಬಿತ್ತು ಅಂದ್ಕೊಂಡೆ," ಎಂದು ಅಕ್ಕ ಈಗ ನಗುತ್ತಾರೆ. "ವೈರು ಶಾಲೇದು, ನಂದಲ್ಲ. ಕೊನೇ ಮರಿ ಹಾರಿದ ದಿನ ತಂದು ಕೊಡ್ತೀನಿ ಸಾರ್ ಅಂದೆ. ಅವರು ಕಿಟಕಿಯಿಂದ ಸ್ಪೀಕರ್ ತೆಗೆಸಿದ್ರು."

ಅತಿಥಿಗಳು ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳಿದರು, ಮಕ್ಕಳ ಜೊತೆ ಉಸಿರು ಬಿಗಿಹಿಡಿದು ಕಿಟಕಿಯಿಂದ ಗೂಡು ನೋಡಿದರು. ಚಪ್ಪಾಳೆ ಬೀಳಲಿಲ್ಲ. ಮರಿಗಳಿಗೆ ತುತ್ತು ಬಿತ್ತು.

ಅಕ್ಕನ ಆಸೆಯೇನು? ಟ್ಯಾಬ್ ಒರೆಸುವ ಕೈ ನಿಲ್ಲುವುದಿಲ್ಲ. "ಈ ಪಾಠ ಕಲಿತ ಮಕ್ಕಳು ಹಕ್ಕಿ ಕಂಡಾಗ ಒಂಚೂರು ದನಿ ತಗ್ಗಿಸ್ಲಿ. ಇನ್ನೇನು ಬೇಕು?"

ಮಂಜು ಕರಗಿ ಗೋಡೆಗೆ ಬಿಸಿಲು ತಾಗುತ್ತದೆ. ಕೊನೆಯ ಮರಿ ತೂತಿನ ಅಂಚಿಗೆ ಬರುತ್ತದೆ, ಹೆದರಿ ಒಳಗೆ ಸರಿಯುತ್ತದೆ, ಮತ್ತೆ ಬರುತ್ತದೆ. ಆಮೇಲೆ ಹಾರಿತೋ ಬಿತ್ತೋ ದೇವರೇ ಬಲ್ಲ, ಪಕ್ಕದ ಪೊದೆಯೊಳಗೆ ಸರಕ್ಕನೆ ಸೇರಿಕೊಳ್ಳುತ್ತದೆ. ಅಪ್ಪನೂ ಹುಳದೊಂದಿಗೆ ಅದರ ಹಿಂದೆಯೇ ನುಗ್ಗುತ್ತಾನೆ. ಅಕ್ಕ ಕಣ್ಣುಮುಚ್ಚಿ ಒಂದು ಗಳಿಗೆ ಕೈಮುಗಿಯುತ್ತಾರೆ.

ಮುಖ್ಯೋಪಾಧ್ಯಾಯರು ಆಗಷ್ಟೇ ಬಂದು ತಮ್ಮ ಕೋಣೆಯಲ್ಲಿ ಕುಳಿತಿದ್ದಾರೆ. ಅಕ್ಕ ಒಳಗೆ ಹೋಗಿ, ಕೈಚೀಲದಿಂದ ವೈರು ತೆಗೆದು, ಅಂದವಾಗಿ ಸುತ್ತಿ ಮೇಜಿನ ಮೇಲಿಡುತ್ತಾರೆ.

"ಅದೂ ಹಾರ್ತಾ?"

"ಹಾರ್ತು ಸಾರ್."

ಅವರು ವೈರನ್ನು ಕೈಗೆತ್ತಿಕೊಂಡು, ಕಿಟಕಿಯತ್ತ ಒಮ್ಮೆ ನೋಡಿ, ಡ್ರಾಯರ್ ಎಳೆಯುತ್ತಾರೆ, ಸದ್ದಾಗದ ಹಾಗೆ.