ತಳ್ಳುವ ಗರಗಸ, ಎಳೆಯುವ ಗರಗಸ

ನಾನು ಹುಬ್ಬಳ್ಳಿಯಿಂದ ಹೊಸ ಗರಗಸ ತಂದದ್ದು ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಎರಡು ವರ್ಷಕ್ಕೆ. ಆಗ ಶಿರಸಿಯ ಒಂದು ಬಡಗಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎಣ್ಣೆಕಾಗದ ಸುತ್ತಿದ್ದ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಪಕ್ಕದವರು ಸ್ವಲ್ಪ ಒತ್ತಿದರೂ ನನಗೆ ಸಿಟ್ಟು. ಅಲಗನ್ನು ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಬರುತ್ತಿತ್ತು. ದಿನಕ್ಕೆ ಹತ್ತು ಸಲ ತಟ್ಟುತ್ತಿದ್ದೆ.

ಅದೇ ವರ್ಷ ಹೆಂಡತಿ ಸಿದ್ದಾಪುರದ ಹತ್ತಿರದ ತವರಿನಲ್ಲಿ ಹೆತ್ತಳು. ಹೆಣ್ಣು ಮಗು, ಚೊಚ್ಚಲು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕಬೇಕು. ಮಾವನೂ ಬಡಗಿಯೇ. ಚೊಚ್ಚಲ ಮಗುವಿನ ತೊಟ್ಟಿಲ ಹಲಗೆಯನ್ನು ಮಗುವಿನ ತಂದೆಯೇ ಕೊಯ್ಯಬೇಕು, ಬೇರೆಯವರು ಕೊಯ್ಯಬಾರದು ಎಂಬುದು ಅವರ ಮನೆಯ ಪದ್ಧತಿ. ಅದಕ್ಕೆಂದೇ ಮಗಳ ಮದುವೆಯಾದ ವರ್ಷ ಒಂದು ಹಲಸಿನ ಹಲಗೆಯನ್ನು ಅಟ್ಟದಲ್ಲಿ ಒಣಗಲು ಇಟ್ಟಿದ್ದರು. ಇದ್ದದ್ದು ಅದೊಂದೇ. ನಾನು ಒಂಬತ್ತನೇ ದಿನ ಗರಗಸ ಹಿಡಿದು ಅಲ್ಲಿಗೆ ಹೋದೆ. ಮಗುವನ್ನು ನೋಡಿದೆ, ಆಮೇಲೆ ಗರಗಸವನ್ನು ಮಾವನಿಗೆ ತೋರಿಸಿದೆ. ಎರಡರಲ್ಲಿ ಯಾವುದರ ಬಗ್ಗೆ ಹೆಚ್ಚು ಬೀಗಿದೆನೋ, ಈಗಲೂ ಹೇಳಲಾರೆ.

ಮಾವ ಅದನ್ನು ತಟ್ಟಲಿಲ್ಲ. ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿದರು. ತಾಯಿಯ ಅಣ್ಣನೇ ಮಾವನಾದ್ದರಿಂದ ನನ್ನನ್ನು ಬೈಯಲು ಅವರು ಯಾರನ್ನೂ ಕೇಳಬೇಕಿರಲಿಲ್ಲ.

"ಎಂತದಾ ಇದು? ಹಲ್ಲೆಲ್ಲ ಆಚೆ ಮುಖ ಮಾಡಿದಾವೆ. ಹಿಡಿ ಕೂರಿಸಿದವ ತುದಿ ತಪ್ಪಿ ಕೂರಿಸಿದಾನೆ."

"ಇಲ್ಲ ಮಾವ, ಇದು ತಳ್ಳಿ ಕೊಯ್ಯುವುದು. ಈಗ ಪೇಟೆಯಲ್ಲೆಲ್ಲ ಇದೇ."

"ತಳ್ಳಿದರೆ ಮರ ಓಡಿಹೋಗ್ತದಲ್ಲ ಮಾರಾಯ."

ಅವರ ಗರಗಸ ಅವರ ಅಪ್ಪನ ಕಾಲದ್ದು, ಊರ ಕಮ್ಮಾರ ಬಡಿದು ಮಾಡಿದ್ದು. ಹಲ್ಲು ಹರಿತಕ್ಕೆ ಅರ ಹಾಕಿ ಹಾಕಿ ಅಂಗೈ ಅಗಲದ ಅಲಗು ಎರಡು ಬೆರಳಿಗೆ ಇಳಿದಿತ್ತು. ಬೀಟೆಯ ಹಿಡಿ ಮಾತ್ರ ಎರಡು ತಲೆಮಾರಿನ ಬೆವರು ಕುಡಿದು ಕಪ್ಪಗೆ ಮಿರುಗುತ್ತಿತ್ತು. ಅದು ಎಳೆದಾಗ ಕೊಯ್ಯುವ ಗರಗಸ. ನೆಲದ ಮೇಲೆ ಕೂತು, ಹಲಗೆಯನ್ನು ಪಾದದಿಂದ ಒತ್ತಿ ಹಿಡಿದು, ಗರಗಸವನ್ನು ತಮ್ಮತ್ತ ಎಳೆಯುತ್ತಿದ್ದರು. ಕೆಲಸ ನಿಧಾನ, ಆದರೆ ಗೆರೆ ಕೂದಲಿನಷ್ಟೂ ತಪ್ಪುತ್ತಿರಲಿಲ್ಲ. ನನ್ನದು ಅರ್ಧ ಹೊತ್ತಿನಲ್ಲಿ ಕೊಯ್ಯುತ್ತದೆ ಎಂದು ನಾನು ಕೊಚ್ಚಿಕೊಂಡೆ.

ಶಿರಸಿಯಲ್ಲಿ ನಾನು ಮೇಜಿಗೆ ಹಲಗೆ ಬಿಗಿದು, ನಿಂತು ಕೊಯ್ಯುತ್ತಿದ್ದೆ ಎಂಬುದು ಮಾವನ ಜಗುಲಿಯಲ್ಲಿ ಕೂರುವವರೆಗೂ ನೆನಪಾಗಲಿಲ್ಲ. ಇಲ್ಲಿ ಮೇಜಿಲ್ಲ. ಪಾದದಿಂದ ಒತ್ತಿ ತಳ್ಳಿದೆ. ಮಾವ ಹೇಳಿದಂತೆಯೇ ಹಲಗೆ ಓಡಿತು. ಅಲಗು ಬಳುಕಿ, ಗೆರೆ ಬಿಟ್ಟು ಒಂದು ಬೆರಳು ಒಳಕ್ಕೆ ಹೋಯಿತು. ಇನ್ನೊಮ್ಮೆ ತಪ್ಪಿದರೆ ತೊಟ್ಟಿಲು ಹೋಗಿ ಊಟದ ಮಣೆಯಾಗುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಾವ ತಪ್ಪಿದ ಜಾಗವನ್ನು ಹೆಬ್ಬೆರಳಿನಿಂದ ಅಳೆದು ಎದ್ದುಹೋದರು. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪನ ಗರಗಸ ಕೇಳಿ ತಗೊಳ್ಳಿ," ಎಂದಳು ಬಾಣಂತಿ ಕೋಣೆಯ ಬಾಗಿಲಿಂದ ಹೆಂಡತಿ, ನಗು ತಡೆದುಕೊಂಡು.

ಕೇಳಲು ನನ್ನ ಜಂಬ ಬಿಡಲಿಲ್ಲ. ಮರುದಿನ ಬೆಳಿಗ್ಗೆ, ತೊಟ್ಟಿಲಿನ ಹಗ್ಗ ಕಟ್ಟಲು ಹಿತ್ತಾಳೆ ಬಳೆ ತರುತ್ತೇನೆಂದು ಸಿದ್ದಾಪುರ ಪೇಟೆಗೆ ಹೊರಟುಬಿಟ್ಟೆ. ಬಳೆ ಕೊಳ್ಳುವುದು ಒಂದು ಗಳಿಗೆಯ ಕೆಲಸ. ಎರಡು ಕಡೆ ಚಾ ಕುಡಿದು ಮಧ್ಯಾಹ್ನ ಮಾಡಿದೆ.

ತಿರುಗಿ ಬಂದಾಗ ನನ್ನ ಗರಗಸ ಜಗುಲಿಯಲ್ಲಿತ್ತು. ಹಿಡಿ ಇರಲಿಲ್ಲ. ಅಲ್ಲ, ಇತ್ತು, ಇನ್ನೊಂದು ತುದಿಯಲ್ಲಿ. ಮಾವ ಅಲಗಿನ ಕಿರಿದಾದ ತುದಿಯನ್ನು ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ, ತೂತು ಹೊಡೆಸಿ, ಅಲ್ಲಿಗೆ ಹಿಡಿ ಜಡಿದಿದ್ದರು; ಹಲ್ಲೆಲ್ಲ ಈಗ ಹಿಡಿಯತ್ತ ಮುಖ ಮಾಡಿದ್ದವು.

ನನ್ನ ಪಿತ್ತ ನೆತ್ತಿಗೇರಿತು. "ಮಾವ, ಹೊಸ ಗರಗಸ ಹಾಳು ಮಾಡಿದಿರಿ," ಎಂದೆ. ಹಾಗೆ ಮಾತಾಡಿದ್ದು ಅದೇ ಮೊದಲು.

"ಎಳೆದು ನೋಡು. ಆಮೇಲೆ ಬೈ."

ಸಿಟ್ಟಿನಲ್ಲೇ ಕೂತೆ. ಹಲಗೆಗೆ ಪಾದ ಒತ್ತಿ, ಹಿಡಿಗೆ ಕೈ ಹಾಕಿದೆ. ಅಂಗೈಗೆ ತಣ್ಣಗೆ, ನುಣ್ಣಗೆ ಏನೋ ಕೂತಿತು. ಬಗ್ಗಿ ನೋಡಿದೆ. ಅದು ಅಂಗಡಿಯ ಹಿಡಿಯಲ್ಲ, ಕಪ್ಪು ಬೀಟೆಯದು. ಗೋಡೆಯ ಗೂಟದಲ್ಲಿ ಅವರ ಅಪ್ಪನ ಗರಗಸದ ಬರಿಯ ಅಲಗು ನೇತಾಡುತ್ತಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಅದು ಸವೆದುಹೋಯ್ತು. ಇನ್ನೆಷ್ಟು ಅರ ಹಾಕೋದು," ಎಂದು ಮಾವ ಎಲೆಯಡಿಕೆಯ ತಟ್ಟೆ ಎಳೆದುಕೊಂಡರು.

ಎಳೆದೆ. ಹೊಸ ಉಕ್ಕು ಹಲಸಿನೊಳಗೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಹಲಗೆ ಅಲುಗಲಿಲ್ಲ, ಗೆರೆ ತಪ್ಪಲಿಲ್ಲ. ಹಳದಿ ಹೊಟ್ಟು ನನ್ನ ಪಾದದ ಮೇಲೆ ಸುರಿಯಿತು. ಅಷ್ಟು ಖುಷಿಯಿಂದ ನಾನು ಯಾವ ಮರವನ್ನೂ ಕೊಯ್ದವನಲ್ಲ. ಹಿಂದಿನ ದಿನ ತಪ್ಪು ಕೊಯ್ದ ಕಡೆ ಅಂಚಿಗೆ ಬಾಗು ಕೊಟ್ಟು ಅದನ್ನು ಮರೆಸಿದೆ. ಹನ್ನೊಂದನೇ ದಿನ ಸಂಜೆಗೆ ತೊಟ್ಟಿಲು ನಿಂತಿತು.

ಮರುದಿನ ಮನೆ ತುಂಬ ಹೆಂಗಸರು. ಮಗುವನ್ನು ಮಲಗಿಸಿ ತೂಗಿದಾಗ ನೆರೆಮನೆಯ ಮುದುಕಿಯೊಬ್ಬಳು ಹಲಗೆ ಸವರಿ, "ಆಚಾರಿ, ನಿನ್ನ ಕೈಯಂಥ ಕೈ ಬೇರೆ ಇಲ್ಲ ನೋಡು," ಎಂದಳು.

"ನಾನು ಮುಟ್ಟಲಿಲ್ಲ," ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. "ಅಳಿಯ ಕೊಯ್ದಿದ್ದು. ಅವನ ಹೊಸ ಗರಗಸದಲ್ಲಿ."

ನಾನು ತೊಟ್ಟಿಲ ಹಗ್ಗದ ಗಂಟು ಸರಿಮಾಡುವ ನೆಪದಲ್ಲಿ ಬಗ್ಗಿದೆ. ಗಂಟು ಸರಿಯಾಗಿಯೇ ಇತ್ತು.