ಗಟ್ಟಿ ಟೈರಿನ ಸೋಮವಾರಗಳು

ಭಾಲ್ಕಿಯಲ್ಲಿ ನನ್ನದೊಂದು ಸಿಮೆಂಟು, ಕಬ್ಬಿಣದ ಅಂಗಡಿಯಿದೆ. ಅಂಗಡಿ ಕುದುರಿದ ಮೇಲೆ ಹೈದರಾಬಾದಿಗೆ ಹೋಗಿ, ಯಾರೋ ವೈದ್ಯರು ಓಡಿಸಿ ಬಿಟ್ಟಿದ್ದ ಜರ್ಮನ್ ಕಾರೊಂದನ್ನು ತಂದೆ. ಅದಕ್ಕೆ ಸ್ಟೆಪ್ನಿ ಇರಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗವೇ ಇರಲಿಲ್ಲ. ನಾನು ಕೇಳಿದ್ದಕ್ಕೆ ಮಾರುವವನು ನಕ್ಕ. ಇವು ರನ್-ಫ್ಲಾಟ್ ಟೈರುಗಳು, ಇವುಗಳ ಪಕ್ಕದ ಗೋಡೆ ಎಷ್ಟು ದಪ್ಪವೆಂದರೆ ಹವಾ ಪೂರ್ತಿ ಇಳಿದರೂ ಗಾಡಿ ಮೆಲ್ಲಗೆ ಊರು ಮುಟ್ಟುತ್ತದೆ ಎಂದ.

ಮೊದಲ ವಾರ ಖಟಕ ಚಿಂಚೋಳಿಯ ಗಿರಾಕಿಯೊಬ್ಬರನ್ನು ನೋಡುವ ನೆಪ ಮಾಡಿಕೊಂಡು ಒಬ್ಬನೇ ಓಡಿಸಿಕೊಂಡು ಹೋದೆ. ಸ್ಟೀರಿಂಗನ್ನು ಬೆರಳಗಲ ತಿರುಗಿಸಿದರೆ ಗಾಡಿಯೂ ಬೆರಳಗಲವೇ ತಿರುಗುತ್ತಿತ್ತು. ತಿರುವಿನಲ್ಲಿ ವಾಲುತ್ತಿರಲಿಲ್ಲ, ತೂಗುತ್ತಿರಲಿಲ್ಲ. ರಸ್ತೆಯ ಪ್ರತಿಯೊಂದು ಹರಳೂ ಸೊಂಟಕ್ಕೆ ಬಂದು ತಾಗುತ್ತಿತ್ತು. ಅದು ನನಗೆ ಹಿಡಿಸಿತು. ಹೇಳಿದ್ದನ್ನು ಹೇಳಿದ ಕ್ಷಣಕ್ಕೆ ಕೇಳುವ ಯಾವುದೂ ಅದುವರೆಗೆ ನನ್ನ ಕೈಗೆ ಸಿಕ್ಕಿರಲಿಲ್ಲ.

ಮರುವರ್ಷ, ಅವ್ವ ತೀರಿದ ಮೇಲೆ ನಮ್ಮ ಜೊತೆಗಿದ್ದ ಅಪ್ಪನ ಬೆನ್ನೆಲುಬಿಗೆ ಟಿಬಿ ತಗುಲಿತು. ಎರಡು ಮಣಿಗಳು ಕುಸಿದಿದ್ದವು. ಸೊಂಟದಿಂದ ಎದೆಯವರೆಗೆ ಪಟ್ಟಿ ಬಿಗಿದು, ಪ್ರತಿ ಸೋಮವಾರ ಬೀದರಿನ ಆಸ್ಪತ್ರೆಗೆ ಕರೆತರಬೇಕೆಂದು ಡಾಕ್ಟರು ಹೇಳಿದರು. ಕರೆದೊಯ್ಯುವುದು ನಾನು, ನನ್ನ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಅಪ್ಪ ಅಡ್ಡ ಮಲಗುತ್ತಿದ್ದರು. ನನ್ನ ಹೆಂಡತಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು.

ಅಪ್ಪ ಸಂತಪುರದ ಸಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದವರು. ನಾನು ಓದಿದ್ದೂ ಅಲ್ಲಿಯೇ. ಮಾಸ್ತರರು ತಮ್ಮ ಮಗನಿಗೆ ಸಲಿಗೆ ಕೊಡುತ್ತಾರೆಂದು ಯಾರೂ ಆಡಿಕೊಳ್ಳಬಾರದೆಂದು ಬೇರೆಯವರಿಗೆ ಎರಡೇಟು ಬಿದ್ದರೆ ನನಗೆ ನಾಲ್ಕು ಬೀಳುತ್ತಿದ್ದವು. ಒಮ್ಮೆ ಭಾಗಾಕಾರ ತಪ್ಪಿದ್ದಕ್ಕೆ ಅಂಗಳದ ಜಲ್ಲಿಯ ಮೇಲೆ ಮೊಣಕಾಲೂರಿ ಕೂರಿಸಿದರು. ಅತ್ತರೆ ಇನ್ನೊಂದು ತಾಸು ಎಂದರು. ನಾನು ಅತ್ತೆ. ಇನ್ನೊಂದು ತಾಸು ಕೂತೆ. ಸಾಲೆ ಬಿಟ್ಟು ಹುಡುಗರು ಗೇಟಿನ ಹೊರಗೆ ನಿಂತು ನೋಡುತ್ತಿದ್ದರು. ಅವ್ವ ಬಂದು ಕೇಳಿಕೊಂಡರೂ ಏಳಿಸಲಿಲ್ಲ. ಆಮೇಲೆ ನಾನು ಅವರ ಮುಂದೆ ಎಂದೂ ಅಳಲಿಲ್ಲ.

ಮೊದಲ ಸೋಮವಾರ ಭಾಲ್ಕಿ ದಾಟಿದ ಮೇಲೆ ಒಂದು ತಗ್ಗು ಬಂತು. ನಾನು ಅದನ್ನು ನಿಜವಾಗಿಯೂ ನೋಡಿರಲಿಲ್ಲ. ಆ ಟೈರುಗಳು ಯಾವ ಪೆಟ್ಟನ್ನೂ ತಮ್ಮಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ಬಿದ್ದದ್ದನ್ನೆಲ್ಲ ಮೇಲಕ್ಕೆ ಕಳಿಸುತ್ತಿದ್ದವು. ಹಿಂದಿನಿಂದ ಅಪ್ಪನ ಧ್ವನಿ ಬಂತು. ಕೂಗಲ್ಲ, ನರಳಿಕೆಯೂ ಅಲ್ಲ. ಕೂಗನ್ನು ಹಲ್ಲಿನಲ್ಲಿ ಹಿಡಿದಾಗ ಮೂಗಿನಿಂದ ಹೊರಡುವಂಥ ಶಬ್ದ. ಅರವತ್ತೆಂಟು ವರ್ಷದ ಆ ಮನುಷ್ಯನಿಂದ ಅಂಥ ಶಬ್ದವನ್ನು ನಾನು ಎಂದೂ ಕೇಳಿರಲಿಲ್ಲ.

ಮುಂದಿನ ತಗ್ಗನ್ನು ನಾನು ನೋಡಿದೆ. ತಪ್ಪಿಸಬಹುದಿತ್ತು. ತಪ್ಪಿಸಲಿಲ್ಲ.

ಅಂದು ಬೀದರು ಮುಟ್ಟುವವರೆಗೆ ನಾನು ಬೇಕೆಂದೇ ಇಳಿಸಿದ್ದು ಮೂರೋ ನಾಲ್ಕೋ ಇರಬೇಕು. ಮುಂದಿನ ಸೋಮವಾರಗಳಲ್ಲಿ ಅದು ಹೆಚ್ಚಾಯಿತು. ಆ ರಸ್ತೆಯ ತಗ್ಗುಗಳೆಲ್ಲ ನನಗೆ ಬಾಯಿಪಾಠವಾದವು. ವೇಗ ಕಡಿಮೆಯೇ ಇಡುತ್ತಿದ್ದೆ. ಕನ್ನಡಿಯಲ್ಲಿ ನೋಡಿದವರಿಗೆ ನಾನು ಜೋಪಾನವಾಗಿ ಓಡಿಸುವ ಮಗನೇ. ಒಳಗೆ ಆ ಶಬ್ದಕ್ಕಾಗಿ ಕಾಯುತ್ತಿದ್ದೆ. ಅದು ಬಂದಾಗ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ಅದು ಸುಖವೇ.

ಎರಡು ತಿಂಗಳಾದ ಮೇಲೆ ಹೆಂಡತಿ ಕೇಳಿದಳು. "ಈ ಟೈರ್ ತೆಗದು ಸಾದಾ ಟೈರ್ ಹಾಕಸ್ರಿ. ಮಾವಾರಿಗಿ ಭಾಳ ತಕ್ಲೀಫ್ ಆಗ್ಲತ್ತದ."

"ಸಾದಾ ಟೈರ್ ಪಂಕ್ಚರ್ ಆದ್ರ ರಸ್ತಾದ ಮ್ಯಾಲ ನಿಂದರಬೇಕಾಗ್ತದ. ಬ್ಯಾನಿ ಇದ್ದ ಮನಿಶಾನ್ನ ಕಟಗೊಂಡು ಅಲ್ಲಿ ಏನ್ ಮಾಡ್ತಿ?" ಎಂದೆ. ಮಾತಿನಲ್ಲಿ ತಪ್ಪೇನಿರಲಿಲ್ಲ. ಮತ್ತೆ ಎರಡು ಸಲ ಕೇಳಿದಾಗಲೂ ಅದನ್ನೇ ಹೇಳಿದೆ.

ಅವಳು ನಾಲ್ಕನೆಯ ಸಲ ಕೇಳಲಿಲ್ಲ. ಒಂದು ಸೋಮವಾರ ಅಪ್ಪನನ್ನು ಆಸ್ಪತ್ರೆಯ ಒಳಗೆ ಕರೆದೊಯ್ದಾಗ, ಔಷಧಿ ತರುತ್ತೇನೆಂದು ನನ್ನ ಕೈಯಿಂದ ಚಾವಿ ತೆಗೆದುಕೊಂಡಳು. ತವರುಮನೆಯಲ್ಲಿ ಅವಳು ಜೀಪು ಓಡಿಸುತ್ತಿದ್ದವಳು. ನನ್ನ ಕಾರನ್ನು ನಾನು ಅವಳಿಗೆ ಎಂದೂ ಕೊಟ್ಟಿರಲಿಲ್ಲ. ಎರಡು ತಾಸಿನ ನಂತರ ಬಂದಾಗ ನಾಲ್ಕೂ ಗಾಲಿಗಳಲ್ಲಿ ಹೊಸ ಸಾದಾ ಟೈರುಗಳಿದ್ದವು. ಡಿಕ್ಕಿಯಲ್ಲಿ ಪಂಕ್ಚರ್ ಮುಚ್ಚುವ ಸಾಮಾನು, ಸಣ್ಣದೊಂದು ಹವಾ ಪಂಪು ಇದ್ದವು.

ಆಸ್ಪತ್ರೆಯ ಮುಂದೆ ಜಗಳವಾಡಲಾಗದೆ, ಅವಳು ಟೈರು ಹಾಕಿಸಿದ್ದ ಅಂಗಡಿಗೆ ಹೋದೆ. ಅಂಗಡಿಯವ ನನ್ನ ವಯಸ್ಸಿನವನೇ. ಗಾಡಿ ನೋಡಿ ಗುರುತು ಹಿಡಿದ.

"ಹಳೇ ಟೈರ್ ತಿರುಗಿ ಹಾಕು," ಎಂದೆ.

"ಹಾಕ್ತೇನಿ ಸಾವ್ಕಾರ್ರಿ, ಇಲ್ಲೇ ಅವ. ನಾಲ್ಕೂ ಹಾಕಬೇಕು, ಎರಡು ಅವು ಎರಡು ಇವು ಅಂತ ಹಾಕಿದ್ರ ಗಾಡಿ ಹಿಡತಕ್ಕ ಸಿಗಲ್ಲ." ಅವನು ಟೈರೊಂದನ್ನು ಉರುಳಿಸಿ ತಂದು ಅದರ ಪಕ್ಕದ ಗೋಡೆಯ ಮೇಲೆ ಮುಷ್ಟಿಯಿಂದ ಗುದ್ದಿದ. "ನೋಡ್ರಿ, ಕಲ್ಲ ಇದ್ದಂಗ ಅದ. ಈ ಗಾಡಿ ಸ್ಪ್ರಿಂಗ್, ಶಾಕ್ ಎಲ್ಲಾ ಇದಕ್ಕಂತೇ ಕೂಡ್ಸಿರ್ತಾರ. ಈಗ ಮೆತ್ತನ ಟೈರ್ ಹಾಕೀವಿ. ಸ್ಟೀರಿಂಗ್ ಮಾತ್ ಕೇಳ್ತದ, ಖರೇ, ಆದ್ರ ಜರಾ ತಡಾ ಕೇಳ್ತದ. ತಿರುವಿನ್ಯಾಗ ವಾಲ್ತದ. ಎಂಟ್ ದಿನ ಹುಷಾರ್ ಓಡಸ್ರಿ, ಕೈಗಿ ರೂಢಿ ಆಗ್ತದ."

"ರೂಢಿ ಬ್ಯಾಡ ನನಗ. ಅವೇ ಹಾಕು."

ಅವನು ಜಾಕು ಎತ್ತಿಕೊಂಡವನು ನಿಂತ. "ಒಂದ್ ಮಾತ್ ಕೇಳ್ಲಾ? ಗಾಡ್ಯಾಗ ನಿಮ್ಮ ತಂದಿಯವರು ಮಲಗ್ತಾರಂತಲ್ರಿ? ಬೆನ್ನಾಗ ಎಲುಬ ಮುರದಾವಂತ ಅಕ್ಕೋರು ಹೇಳಿದ್ರು."

ಇರಲಿ ಬಿಡು ಎಂದು ಗಾಡಿ ತಿರುಗಿಸಿದೆ.

ಅಂದು ಭಾಲ್ಕಿಗೆ ಮರಳುವಾಗ ಅಪ್ಪ ನಿದ್ದೆಹೋದರು. ಅದೇ ತಗ್ಗುಗಳು, ಅದೇ ವೇಗ. ಟೈರು ಒಳಗೆ ಬಗ್ಗುತ್ತಿತ್ತು, ಗಾಡಿ ಒಮ್ಮೆ ಮುಳುಗಿ ಎದ್ದಂತೆ ಆಗುತ್ತಿತ್ತು, ಅಷ್ಟೇ. ಹಿಂದಿನಿಂದ ಗೊರಕೆ ಕೇಳಿಸುತ್ತಿತ್ತು. ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು. ನನ್ನದೊಂದು ಸಾಮಾನನ್ನು ಯಾರೋ ಕದ್ದಂತೆ ನನಗೆ ಸಿಟ್ಟು ಬಂದಿತ್ತು.

ಅಂಗಡಿಯವ ಹೇಳಿದ್ದು ಸರಿಯಿತ್ತು. ಸ್ಟೀರಿಂಗ್ ತಿರುಗಿಸಿದರೆ ಗಾಡಿ ಅರೆಗಳಿಗೆ ತಡೆದು ಆಮೇಲೆ ತಿರುಗುತ್ತಿತ್ತು. ತಿರುವಿನಲ್ಲಿ ಮೈ ಹೊರಗೆ ವಾಲಿ, ತಿರುವು ಮುಗಿದ ಮೇಲೆ ಇನ್ನೊಂದು ಬದಿಗೆ ತೂಗಿ ನಿಲ್ಲುತ್ತಿತ್ತು. ಮೊದಲ ವಾರ ನನಗೆ ಹೆದರಿಕೆಯೇ ಆಯಿತು. ಎರಡನೆಯ ವಾರ ಅದು ಉಪಯೋಗಕ್ಕೆ ಬರುತ್ತದೆಂದು ತಿಳಿಯಿತು. ತಗ್ಗಿನಿಂದ ಆಗದ್ದನ್ನು ತಿರುವಿನಿಂದ ಮಾಡಬಹುದಿತ್ತು. ಬ್ರೇಕು ಮುಟ್ಟದೆ ತಿರುವಿಗೆ ಇಳಿಸಿ ಸ್ಟೀರಿಂಗನ್ನು ಒಮ್ಮೆಲೇ ಎಳೆದೆ. ಅಪ್ಪನ ಮೈ ಸೀಟಿನ ಮೇಲೆ ಜಾರಿ, ಪಾದ ಬಾಗಿಲಿಗೆ ಬಡಿಯಿತು. ಆ ಶಬ್ದ ಮತ್ತೆ ಬಂತು.

"ಏನ್ ಮಾಡ್ಲತ್ತೀರಿ ನೀವು?" ಹೆಂಡತಿ ಚೀರಿದಳು.

"ನಾ ಏನ್ ಮಾಡ್ಲಿ? ನೀ ಹಾಕಿಸಿದ ಟೈರ್. ಗಾಡಿ ನಿಂದರಲ್ಲ ಈಗ," ಎಂದೆ.

ಅವಳ ಮುಖ ಸಣ್ಣಗಾಯಿತು. ಮಾವನಿಗೆ ತಾನೇ ನೋವು ತಂದೆನೆಂದು ನಂಬಿದಳು. ಅಂದು ರಾತ್ರಿಯ ಊಟ ಬಿಟ್ಟಳು. ಅದನ್ನೂ ನಾನು ನೋಡಿದೆ. ಮುಂದಿನ ಮೂರು ಸೋಮವಾರ ಹಾಗೆಯೇ ಓಡಿಸಿದೆ.

ಬೇಸಿಗೆಯಲ್ಲಿ ಅಪ್ಪ ಚಿಂತಾಕಿಯಲ್ಲಿರುವ ತಮ್ಮ ತಂಗಿಯನ್ನು ನೋಡಬೇಕೆಂದರು. ಸೋಮವಾರ ಬೀದರಿನ ಕೆಲಸ ಮುಗಿಸಿ ಹಾಗೆಯೇ ಔರಾದ್ ಕಡೆ ಹೋಗುವುದೆಂದು ಆಯಿತು. ಅಂದು ಬೆಳಿಗ್ಗೆ ಗಾಡಿ ಒರೆಸುವಾಗ ಡಿಕ್ಕಿಯಲ್ಲಿದ್ದ ಪಂಪು, ಪಂಕ್ಚರ್ ಸಾಮಾನು ಎರಡನ್ನೂ ತೆಗೆದು ಪಡಸಾಲೆಯ ಕಟ್ಟೆಯ ಮೇಲಿಟ್ಟೆ. ಪಂಕ್ಚರ್ ಆಗಲಿ ಎಂದು ನಾನು ಬಯಸಿದೆನೇ? ಹಾಗೇನಾದರೂ ಆದರೆ ಅವಳಿಗೆ ಬುದ್ಧಿ ಬರುತ್ತದೆ ಎಂದು ಖಂಡಿತ ಅಂದುಕೊಂಡೆ.

ಸಂತಪುರ ದಾಟಿ ಸ್ವಲ್ಪ ದೂರ ಹೋಗಿರಬೇಕು. ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಎಡ ಟೈರು ನೆಲಕ್ಕೆ ಒರಗಿತ್ತು. ಮೊಳೆಯ ತಲೆ ಹೊಳೆಯುತ್ತಿತ್ತು. ನಡುಮಧ್ಯಾಹ್ನ. ಎರಡೂ ಕಡೆ ಕೊಯ್ದ ತೊಗರಿಯ ಕೂಳೆ, ನೆರಳೆಂಬುದಿಲ್ಲ. ಹೆಂಡತಿ ಡಿಕ್ಕಿ ತೆಗೆದು ಹುಡುಕಿದಳು. ಚೀಲ ಸರಿಸಿ, ಚಾಪೆ ಎತ್ತಿ ಹುಡುಕಿದಳು.

"ಪಂಪ್ ಎಲ್ಲದ್ರಿ?"

"ಮರ್ತೀನಿ ಕಾಣ್ತದ. ಹಳೇ ಟೈರ್ ಇದ್ದಿದ್ರ ಪಂಪ್ ಯಾಕ ಬೇಕಿತ್ತು? ಹಿಂಗೇ ಊರ ಮುಟ್ತಿದ್ದೆವು." ಅಪ್ಪನಿಗೆ ಕೇಳಿಸುವಂತೆ ಗಟ್ಟಿಯಾಗಿಯೇ ಹೇಳಿದೆ.

ಔರಾದಿನ ಪಂಕ್ಚರ್ ಅಂಗಡಿಗೆ ಫೋನು ಮಾಡಿದೆ. ಅಲ್ಲಿಯವನು ಬರುತ್ತೇನೆ, ಆದರೆ ತಡವಾಗುತ್ತದೆ ಎಂದ. ಎಂಜಿನ್ ಚಾಲೂ ಇಟ್ಟು ಏಸಿ ಹಾಕಿದರೆ ಸ್ವಲ್ಪ ಹೊತ್ತಿಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು, ಆರಿಸಬೇಕಾಯಿತು. ನಾಲ್ಕೂ ಬಾಗಿಲು ತೆರೆದೆವು. ಹೊಲದ ಕಾವು ಒಳಗೆ ಬಂತು. ಅಪ್ಪನನ್ನು ಎತ್ತಿ ಹೊರಗೆ ತರುವಂತಿರಲಿಲ್ಲ. ಪಟ್ಟಿಯೊಳಗೆ ಬೆವರು ಇಳಿದು ಅಂಗಿ ಮೈಗೆ ಅಂಟಿತ್ತು. ಹೆಂಡತಿ ಸೆರಗು ತೋಯಿಸಿ ಅವರ ಹಣೆಯ ಮೇಲೆ ಹಾಕಿದಳು. ಇದ್ದೊಂದು ಬಾಟಲಿ ನೀರು ಮುಗಿಯಿತು.

ಆಗ ಅಪ್ಪ ಕಣ್ಣು ತೆರೆಯದೆ ಮಾತಾಡಿದರು.

"ಎಡಕ್ಕ ತಗ್ಗಿದ್ರ ಎಡಕ್ಕ ಹಾಕ್ತಿದ್ದಿ. ಬಲಕ್ಕ ಇದ್ರ ಬಲಕ್ಕ. ಒಂದೂ ತಪ್ಪಿಸಿಲ್ಲ ನೋಡು ನೀ."

ಹೆಂಡತಿಯ ಕೈ ನಿಂತಿತು.

"ಮೂವತ್ತಾರ್ ವರ್ಷ ಮಾಸ್ತರಕಿ ಮಾಡೀನಿ. ಗೊತ್ತಿಲ್ದ ತಪ್ಪ ಮಾಡಾವ ಯಾರು, ಬೇಕಂತ ಮಾಡಾವ ಯಾರು, ನನಗ ತಿಳೀತದ. ಮಗಳ, ನಿನ್ನ ಟೈರಿಂದೇನೂ ತಪ್ಪಿಲ್ಲವ್ವಾ."

ಅಷ್ಟು ವರ್ಷ ಹಿಡಿದಿಟ್ಟಿದ್ದು ಹೊರಗೆ ಬಂತು. "ನನಗ ಜಲ್ಲಿ ಮ್ಯಾಲ ಮೊಣಕಾಲ ಊರ್ಸಿದ್ರಿ. ಎರಡ್ ತಾಸು. ಅವ್ವ ಬಂದು ಕೈ ಮುಗದ್ಳು. ನೆನಪದ ಏನ್ರಿ?"

ಅವರು ಕಣ್ಣು ತೆರೆದು ಕಾರಿನ ಚಾವಣಿಯನ್ನು ನೋಡುತ್ತ ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

"ಇಲ್ಲ," ಎಂದರು. "ನೆನಪಿಲ್ಲ. ಭಾಳ ಮಂದಿಗಿ ಕೂಡ್ಸೀನಿ."

ಮೂವತ್ತು ವರ್ಷ ನಾನು ಹೊತ್ತು ತಿರುಗಿದ್ದು ಅವರಿಗೆ ಹಾಜರಿ ಪುಸ್ತಕದ ಒಂದು ದಿನವೂ ಆಗಿರಲಿಲ್ಲ. ಅವರು ಸುಳ್ಳು ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

ಪಂಕ್ಚರಿನವ ಮೋಟಾರ್ ಸೈಕಲ್ಲಿನ ಮೇಲೆ ಬಂದು, ಮೊಳೆ ಕಿತ್ತು, ತೂತು ಮುಚ್ಚಿ ಹವಾ ತುಂಬಿದ. ಹತ್ತು ನಿಮಿಷದ ಕೆಲಸ. ಅವನು ಹೋದ ಮೇಲೆ ಹೆಂಡತಿ ನನ್ನ ಮುಂದೆ ಬಂದು ಕೈ ಚಾಚಿದಳು. "ಚಾವಿ ಕೊಡ್ರಿ."

"ಈ ರಸ್ತಾದಾಗ ನಿನಗ..."

"ಚಾವಿ."

ಕೊಟ್ಟೆ. ಹಿಂದೆ ಕೂತು ಅಪ್ಪನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಳ್ಳಲು ಬಗ್ಗಿದೆ. ಅವರು ಬೇಡವೆಂದು ಕೈಯಾಡಿಸಿದರು. ಚೀಲವನ್ನೇ ತಲೆದಿಂಬು ಮಾಡಿಕೊಂಡರು. ನಾನು ಮುಂದೆ, ಅವಳ ಪಕ್ಕದಲ್ಲಿ ಕೂತೆ. ತಿರುವು ಬಂದಾಗ ಅವಳು ಮೊದಲೇ ವೇಗ ಇಳಿಸಿ, ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸಿ, ಗಾಡಿ ತಾನಾಗಿ ಬರುವವರೆಗೆ ಕಾಯುತ್ತಿದ್ದಳು. ಗಾಡಿ ವಾಲಲೂ ಇಲ್ಲ, ತೂಗಲೂ ಇಲ್ಲ.

ಆಮೇಲಿನ ಸೋಮವಾರಗಳಲ್ಲಿ ಅವರಿಬ್ಬರೇ ಹೋದರು. ನಾನು ಅಂಗಡಿಯಲ್ಲಿ ಕೂರುತ್ತಿದ್ದೆ. ಪಡಸಾಲೆಯ ಕಟ್ಟೆಯ ಮೇಲಿನ ಪಂಪನ್ನು ಅವಳು ಚಿಂತಾಕಿಯಿಂದ ಮರಳಿದ ಸಂಜೆಯೇ ಕಂಡಿದ್ದಳು. ಏನೂ ಕೇಳದೆ ಎತ್ತಿ ಡಿಕ್ಕಿಯಲ್ಲಿಟ್ಟಳು. ಇವತ್ತಿಗೂ ಕೇಳಿಲ್ಲ. ಅವಳು ಬೈದಿದ್ದರೆ ನಾನು ಉತ್ತರ ಕೊಡುತ್ತಿದ್ದೆ, ಉತ್ತರಗಳನ್ನು ಜೋಡಿಸಿಕೊಂಡೇ ಇದ್ದೆ.

ಅಪ್ಪ ಸಾಯಲಿಲ್ಲ. ಒಂದೂವರೆ ವರ್ಷ ಗುಳಿಗೆ ನುಂಗಿ ಗುಣವಾದರು. ಬೆನ್ನು ಸ್ವಲ್ಪ ಬಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ಮೂವರೂ ಒಂದೇ ಮನೆಯಲ್ಲಿದ್ದೇವೆ. ರೊಟ್ಟಿ ಸಾಕೆಂದು ನನಗೆ ಹೇಳುತ್ತಾರೆ, ಮಳೆ ಬಂತೆಂದು ನಾನು ಅವರಿಗೆ ಹೇಳುತ್ತೇನೆ. ಹೊರಗೆ ಹೋಗಬೇಕಾದರೆ ಮಾತ್ರ ಸೊಸೆಯನ್ನು ಕೇಳುತ್ತಾರೆ.

ಮೊನ್ನೆ ಅವಳು ತವರಿಗೆ ಹೋಗಿದ್ದಳು. ಅಪ್ಪನಿಗೆ ಬೀದರಿನಲ್ಲಿ ಕಣ್ಣು ತೋರಿಸಬೇಕಿತ್ತು. ನಾನು ಗಾಡಿ ಬಾಗಿಲಿಗೆ ತಂದು ನಿಲ್ಲಿಸಿದೆ. ಅವರು ಚಪ್ಪಲಿ ಮೆಟ್ಟಿ ಹೊರಗೆ ಬಂದರು, ಗಾಡಿಯ ಪಕ್ಕದಲ್ಲೇ ಹಾದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಹಿಂದೆಯೇ ಹೋದೆ. ಬೀದರ್ ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಒಂದು ಕಾಲು ಇಟ್ಟು ಇನ್ನೊಂದನ್ನು ಎತ್ತಲಾಗದೆ ನಿಂತರು. ನಾನು ತೋಳು ಹಿಡಿಯಲು ಹೋದೆ.

"ಬಿಡು," ಎಂದರು.

ಕಂಡಕ್ಟರು ಒಳಗಿನಿಂದ ಕೈ ಕೊಟ್ಟು ಎಳೆದುಕೊಂಡ. ಕಿಟಕಿಯ ಬಳಿ ಜಾಗ ಸಿಕ್ಕಿತು. ಬಸ್ಸು ಹೊರಡುವವರೆಗೆ ನಾನು ಕೆಳಗೆ ನಿಂತಿದ್ದೆ. ಅವರು ಟಿಕೆಟನ್ನು ಕಣ್ಣ ಹತ್ತಿರ ಹಿಡಿದು ಓದುತ್ತಿದ್ದರು.